ಅಮೈನೋ ಆಮ್ಲಗಳು ಮತ್ತು ಶರೀರದ ರಕ್ಷಕ ಕೋಶಗಳು

ಆಹಾರದಲ್ಲಿನ ಪ್ರೋಟೀನು ಜೀರ್ಣವಾದಾಗ ಅಮೈನೋ ಆಮ್ಲಗಳಾಗಿ ಒಡೆದು ರಕ್ತವನ್ನು ಸೇರುತ್ತದೆ. ಪ್ರೋಟೀನುಗಳನ್ನು ಕಟ್ಟುವ ಇವು 20 ಬಗೆ. ಇವುಗಳಲ್ಲಿ 9ನ್ನು ಶರೀರವು ತಾನಾಗಿ ನಿರ್ಮಿಸಿಕೊಳ್ಳಲಾರದು, ಆಹಾರದಿಂದಲೇ ಪಡೆಯಬೇಕು. ರೋಗಾಣುಗಳನ್ನು ಎದುರಿಸುವ ಕೋಶಗಳು ಯಾವಾಗ ಉಗ್ರವಾಗಬೇಕು, ಯಾವಾಗ ಶಾಂತವಾಗಬೇಕು ಎಂಬುದರಲ್ಲಿಯೂ ಇವುಗಳ ಪಾತ್ರವಿದೆಯೆಂದು ಈಚಿನ ದಶಕಗಳ ಸಂಶೋಧನೆ ತಿಳಿಸಿದೆ. ಉಪವಾಸವನ್ನಾಚರಿಸುವವರು ಇದನ್ನು ಅರಿತಿರುವುದು ಒಳಿತು.

1. ಆರ್ಜಿನೀನ್: ರೋಗಾಣುಗಳನ್ನು ನುಂಗುವ ಭಕ್ಷಕ ಕೋಶದಲ್ಲಿ ಈ ಆಮ್ಲಕ್ಕೆ ಎರಡು ಮಾರ್ಗಗಳುಂಟು. ಒಂದು ಕಿಣ್ವವು ಇದರಿಂದ ನೈಟ್ರಿಕ್ ಆಕ್ಸೈಡನ್ನು ತಯಾರಿಸುತ್ತದೆ. ಅದು ರೋಗಾಣುಗಳಿಗೆ ಮಾರಕ. ಆರ್ಜಿನೇಸ್ ಎಂಬ ಇನ್ನೊಂದು ಕಿಣ್ವವು ಇದನ್ನೇ ಆರ್ನಿಥೀನ್ ಆಗಿ ಮಾರ್ಪಡಿಸುತ್ತದೆ. ಅದು ಗಾಯವನ್ನು ಮಾಯಿಸುವ ಕಾರ್ಯಕ್ಕೆ ಒದಗುತ್ತದೆ. ದ್ರವ್ಯವೊಂದೇ, ಕಾರ್ಯವೆರಡು. ಇಲಿಗಳ ಕೋಶಗಳಲ್ಲಿ ಈ ಭೇದ ಬಹು ಸ್ಪಷ್ಟ. ಮನುಷ್ಯರಲ್ಲಿ ಅಷ್ಟು ನೇರವಾಗಿಲ್ಲ.

2. ಟ್ರಿಪ್ಟೊಫ್ಯಾನ್: ಗರ್ಭಸ್ಥ ಶಿಶುವಿನಲ್ಲಿ ತಂದೆಯ ಅಂಶವೂ ಇರುತ್ತದೆ. ತಾಯಿಯ ರಕ್ಷಕ ಕೋಶಗಳು ಅದನ್ನು ಪರಕೀಯವೆಂದು ಬಗೆದು ಏಕೆ ನಾಶಪಡಿಸುವುದಿಲ್ಲ? 1998ರಲ್ಲಿ ಅಮೆರಿಕದ ಡೇವಿಡ್ ಮನ್, ಆಂಡ್ರೂ ಮೆಲರ್ ಮತ್ತು ಸಂಗಡಿಗರು ಇಲಿಗಳಲ್ಲಿ ಇದಕ್ಕೊಂದು ಉತ್ತರವನ್ನು ಕಂಡರು. ಗರ್ಭದ ಮಾಸಿನಲ್ಲಿರುವ ಒಂದು ಕಿಣ್ವವು ಸುತ್ತಲಿನ ಟ್ರಿಪ್ಟೊಫ್ಯಾನನ್ನು ಕ್ಷಯಿಸುತ್ತದೆ. ಅದು ದೊರೆಯದಾಗ ಟಿ ಕೋಶಗಳು ವೃದ್ಧಿಯಾಗಲಾರವು. ಆ ಕಿಣ್ವವನ್ನು ತಡೆದಾಗ, ಬೇರೆ ತಳಿಯ ತಂದೆಯಿಂದಾದ ಗರ್ಭಗಳು ಉಳಿಯಲಿಲ್ಲ. ಹೀಗೆ ಆಹಾರದ ಅಭಾವವೇ ಇಲ್ಲಿ ಶಾಂತಿಯ ಸಾಧನ. ಕೆಲವು ಕ್ಯಾನ್ಸರ್ ಗಡ್ಡೆಗಳೂ ಇದೇ ಉಪಾಯದಿಂದ ರಕ್ಷಕ ಕೋಶಗಳಿಂದ ಪಾರಾಗುತ್ತವೆ.

3. ಗ್ಲುಟಮಿನ್: ರೋಗಾಣುವನ್ನು ಗುರುತಿಸಿದ ಟಿ ಕೋಶವು ಶೀಘ್ರವಾಗಿ ದ್ವಿಗುಣ, ಚತುರ್ಗುಣವಾಗುವಾಗ ಗ್ಲುಟಮಿನ್ ಅಧಿಕವಾಗಿ ಬೇಕು. ಇದನ್ನು ರಕ್ತಕ್ಕೆ ಒದಗಿಸುವ ಮುಖ್ಯ ಸ್ಥಾನ ಮಾಂಸಖಂಡ. ದೀರ್ಘ ಉಪವಾಸದ ಮೊದಲ ದಿನಗಳಲ್ಲಿ ಮಿದುಳಿಗೆ ಸಕ್ಕರೆಯನ್ನೊದಗಿಸಲು ಮಾಂಸಖಂಡದ ಪ್ರೋಟೀನು ಕರಗುತ್ತದೆ. ಅನಂತರ ಕೊಬ್ಬಿನಿಂದಾದ ಕೀಟೋನುಗಳು ಆ ಹೊಣೆಯ ಬಹುಭಾಗವನ್ನು ಹೊತ್ತು, ಈ ನಷ್ಟವನ್ನು ತಗ್ಗಿಸುತ್ತವೆ.

ಆದುದರಿಂದ ಆರೋಗ್ಯವಂತ ವಯಸ್ಕರಿಗೆ ಒಂದು ದಿನದ ಉಪವಾಸ ಸಾಮಾನ್ಯವಾಗಿ ಭಾರವಾಗದು. ಮಾಂಸಖಂಡ ಕೃಶವಾದ ವೃದ್ಧರು, ಜ್ವರಪೀಡಿತರು, ಗರ್ಭಿಣಿಯರು, ಮಧುಮೇಹಕ್ಕೆ ಔಷಧ ಸೇವಿಸುವವರು ವೈದ್ಯರನ್ನು ಕೇಳದೆ ದೀರ್ಘ ಉಪವಾಸಕ್ಕೆ ತೊಡಗಬಾರದು. ಉಳಿದ ದಿನಗಳ ಊಟದಲ್ಲಿ ಧಾನ್ಯದೊಡನೆ ಬೇಳೆಯಿರಲಿ. ಧಾನ್ಯದಲ್ಲಿ ಕಡಿಮೆಯಿರುವ ಲೈಸೀನ್ ಬೇಳೆಯಲ್ಲಿದೆ. ಬೇಳೆಯಲ್ಲಿ ಕಡಿಮೆಯಿರುವ ಮೆಥಿಯೊನೀನ್ ಧಾನ್ಯದಲ್ಲಿದೆ. ಷೋಡಶಕಾರಣ ಭಾವನೆಗಳಲ್ಲಿ ತಪಸ್ಸನ್ನು ‘ಶಕ್ತಿತಸ್ತಪ’ ಎಂದೇ ಕರೆದಿದೆ. ತನ್ನ ಶಕ್ತಿಯನ್ನು ಅರಿಯುವುದೂ ವ್ರತದ ಅಂಗವೆಂದು ಶ್ರಾವಕ-ಶ್ರಾವಿಕೆಯರು ಭಾವಿಸಬೇಕು.