ತಾರಸಿಯ ಸೌರ ವಿದ್ಯುತ್ತೂ ಫ್ಯೂಸಿನ ಸ್ಥಾನವೂ

ಬೆಂಕಿ, ನೀರು, ವಿದ್ಯುತ್ತು ಈ ಮೂರೂ ಅಂಕೆಯಲ್ಲಿದ್ದಷ್ಟು ಕಾಲ ಮಾತ್ರ ಮನುಷ್ಯನಿಗೆ ಉಪಕಾರಿಗಳು. ವಿದ್ಯುತ್ತನ್ನು ಅಂಕೆಯಲ್ಲಿಡುವ ಸಾಧನಗಳಲ್ಲಿ ಫ್ಯೂಸೂ ಅದರ ತಮ್ಮನಂತಿರುವ ಸರ್ಕಿಟ್ ಬ್ರೇಕರೂ ಮುಖ್ಯವಾದುವು. ಇವು ಇರಬೇಕೆಂಬುದು ಎಲ್ಲರಿಗೂ ಗೊತ್ತು. ಆದರೆ ಇವು ಎಲ್ಲಿರಬೇಕು, ಯಾರ ಕೈಗೆ ಎಟುಕುವಂತಿರಬೇಕು ಎಂಬುದನ್ನು ಕುರಿತು ಯೋಚಿಸುವವರು ಕಡಮೆ. ತಾರಸಿಯ ಮೇಲೆ ಸೌರ ಫಲಕಗಳನ್ನು ಹಾಕುವ ಮನೆಗಳು ಹೆಚ್ಚುತ್ತಿರುವ ಈ ದಿನಗಳಲ್ಲಿ ಆ ಪ್ರಶ್ನೆಯನ್ನು ಸ್ವಲ್ಪ ವಿಚಾರ ಮಾಡುವುದೇ ಈ ಲೇಖನದ ಉದ್ದೇಶ.

1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಚೇಪಿನ್, ಫುಲ್ಲರ್, ಪಿಯರ್ಸನ್ ಎಂಬ ಮೂವರು ವಿಜ್ಞಾನಿಗಳು ಸಿಲಿಕಾನ್ ಸೌರಕೋಶವನ್ನು ಸಿದ್ಧಪಡಿಸಿದರು. ತನ್ನ ಮೇಲೆ ಬಿದ್ದ ಬೆಳಕಿನ ನೂರರಲ್ಲಿ ಸುಮಾರು 6 ಪಾಲನ್ನು ಮಾತ್ರ ಅದು ವಿದ್ಯುತ್ತಾಗಿ ಮಾರ್ಪಡಿಸುತ್ತಿತ್ತು. ಅಂದು ಪ್ರಯೋಗಶಾಲೆಯ ಕುತೂಹಲವಾಗಿದ್ದುದು ಇಂದು ಗೃಹಸ್ಥರ ಮನೆಯ ಮೇಲೆ ಬಂದು ಕುಳಿತಿದೆ. 2024ರಲ್ಲಿ ಭಾರತ ಸರ್ಕಾರವು ಒಂದು ಕೋಟಿ ಮನೆಗಳ ಮೇಲೆ ಸೌರ ಫಲಕಗಳನ್ನು ಅಳವಡಿಸುವ ಗುರಿಯಿಟ್ಟುಕೊಂಡು ಯೋಜನೆಯೊಂದನ್ನು ಆರಂಭಿಸಿತು. ಅಷ್ಟು ಮನೆಗಳ ತಾರಸಿ ಒಂದೊಂದು ಚಿಕ್ಕ ವಿದ್ಯುದಾಗಾರವೇ ಆಗುವುದೆಂದ ಮೇಲೆ, ಆ ಮನೆಯವರು ಅದರ ಗುಣವನ್ನು ಅರಿತಿರಬೇಡವೆ?

ಸೂರ್ಯನ ವಿದ್ಯುತ್ತಿನ ಸ್ವಭಾವ

ಕಂಬದಿಂದ ಮನೆಗೆ ಬರುವ ವಿದ್ಯುತ್ತು ಪರ್ಯಾಯ ಪ್ರವಾಹ, ಅಂದರೆ ಏ.ಸಿ. ಎರಡು ತಂತಿಗಳು ಕೂಡಿಕೊಂಡರೆ ನೂರಾರು, ಕೆಲವೊಮ್ಮೆ ಸಾವಿರಾರು ಆಂಪಿಯರ್ ಪ್ರವಾಹ ಒಮ್ಮೆಲೇ ನುಗ್ಗುತ್ತದೆ. ಫ್ಯೂಸು ಕ್ಷಣಾರ್ಧದಲ್ಲಿ ಕರಗಿ ದಾರಿಯನ್ನು ಕಡಿಯುತ್ತದೆ. ಸೌರ ಫಲಕದ ರೀತಿಯೇ ಬೇರೆ. ಅದರ ಎರಡು ತಂತಿಗಳನ್ನು ನೇರವಾಗಿ ಸೇರಿಸಿದರೂ, ಕೆಲಸ ಮಾಡುವಾಗ ಹರಿಯುವುದಕ್ಕಿಂತ ನೂರಕ್ಕೆ ಐದೋ ಹತ್ತೋ ಪಾಲು ಹೆಚ್ಚಿನ ಪ್ರವಾಹ ಮಾತ್ರ ಹರಿಯುವುದು. ಆದ್ದರಿಂದ ಒಂದೇ ಸಾಲಿನ ಫಲಕಗಳಿರುವ ಮನೆಯಲ್ಲಿ ದೋಷ ಸಂಭವಿಸಿದರೆ ಫ್ಯೂಸು ಕರಗುತ್ತದೆಂದು ನಂಬಿ ಕುಳಿತುಕೊಳ್ಳುವಂತಿಲ್ಲ.

ಹಾಗಾದರೆ ಫ್ಯೂಸು ಏತಕ್ಕೆ? ಫಲಕಗಳ ಹಲವು ಸಾಲುಗಳನ್ನು ಪಕ್ಕಪಕ್ಕದಲ್ಲಿ ಜೋಡಿಸಿದಾಗ ಅದರ ಅಗತ್ಯ ಕಾಣುತ್ತದೆ. ಉದಾಹರಣೆಗೆ, ತಲಾ 10 ಆಂಪಿಯರ್ ಕೊಡಬಲ್ಲ ನಾಲ್ಕು ಸಾಲುಗಳಿವೆಯೆಂದು ಇಟ್ಟುಕೊಳ್ಳೋಣ. ಒಂದು ಸಾಲು ಕೆಟ್ಟರೆ, ಉಳಿದ ಮೂರರ 30 ಆಂಪಿಯರ್ ಪ್ರವಾಹ ಆ ಕೆಟ್ಟ ಸಾಲಿಗೆ ಹಿಮ್ಮುಖವಾಗಿ ನುಗ್ಗಬಹುದು. ಫಲಕದ ಬೆನ್ನಿನ ಚೀಟಿಯಲ್ಲಿ ಗರಿಷ್ಠ ಫ್ಯೂಸು 20 ಆಂಪಿಯರ್ ಎಂದು ಬರೆದಿದ್ದರೆ, 30 ಆಂಪಿಯರನ್ನು ಅದು ತಾಳಲಾರದು. ಕಾದು ಉರಿಯುವ ಸಂಭವವುಂಟು. ಎರಡೇ ಸಾಲುಗಳಿದ್ದರೆ ಹಿಮ್ಮುಖವಾಗಿ ಬರುವುದು ಒಂದು ಸಾಲಿನ ಪ್ರವಾಹ ಮಾತ್ರ. ಅದನ್ನು ಫಲಕವೂ ತಂತಿಯೂ ತಡೆದುಕೊಳ್ಳುತ್ತವೆ. ಆದುದರಿಂದಲೇ ಮೂರು ಅಥವಾ ಅದಕ್ಕಿಂತ ಹೆಚ್ಚು ಸಾಲುಗಳಿದ್ದಲ್ಲಿ ಪ್ರತಿ ಸಾಲಿಗೂ ಫ್ಯೂಸು ಬೇಕೆಂಬುದು ಸಾಮಾನ್ಯ ಸೂತ್ರ.

ಇನ್ನೊಂದು ವಿಶೇಷವನ್ನೂ ಗಮನಿಸಬೇಕು. ಫಲಕದಿಂದ ಬರುವುದು ನೇರ ಪ್ರವಾಹ, ಅಂದರೆ ಡಿ.ಸಿ. ನಮ್ಮ ದೇಶದ ಪರ್ಯಾಯ ಪ್ರವಾಹವು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಇಳಿಯುತ್ತದೆ. ಸ್ವಿಚ್ಚನ್ನು ತೆಗೆದಾಗ ಹುಟ್ಟುವ ಕಿಡಿ ಆ ಸೊನ್ನೆಯಲ್ಲಿ ತಾನಾಗಿಯೇ ಆರುತ್ತದೆ. ನೇರ ಪ್ರವಾಹಕ್ಕೆ ಅಂತಹ ಬಿಡುವಿಲ್ಲ. ಹುಟ್ಟಿದ ಕಿಡಿಯು ವಿದ್ಯುತ್ ಚಾಪವಾಗಿ ಉರಿಯುತ್ತಲೇ ನಿಲ್ಲಬಹುದು. ಆದಕಾರಣ ಪ್ರವಾಹ ಹರಿಯುತ್ತಿರುವಾಗ ಫ್ಯೂಸಿನ ಹಿಡಿಯನ್ನು ಎಳೆಯಲೇಬಾರದು. ಮೊದಲು ಹೊರೆಯನ್ನು ತಡೆಯಬಲ್ಲ ಡಿ.ಸಿ. ಸ್ವಿಚ್ಚನ್ನು ಆರಿಸಬೇಕು, ಅನಂತರ ಫ್ಯೂಸಿಗೆ ಕೈಹಾಕಬೇಕು. ಹಳೆಯ ಪಿಂಗಾಣಿ ಕಟ್‌ಔಟಿಗೆ ತಂತಿ ಸುತ್ತುವ ನಮ್ಮ ರೂಢಿ ಇಲ್ಲಿ ಪ್ರಾಣಕ್ಕೇ ಮುಳುವಾದೀತು. ಸೌರ ಸಾಲುಗಳಿಗೆಂದೇ ತಯಾರಾದ ಡಿ.ಸಿ. ಫ್ಯೂಸನ್ನೇ ಹಾಕತಕ್ಕದ್ದು.

ಗಮ್ಯ ಮತ್ತು ಸುಲಭಗಮ್ಯ

ಈಗ ಸ್ಥಾನದ ಪ್ರಶ್ನೆಗೆ ಬರೋಣ. ಅಮೆರಿಕದ ರಾಷ್ಟ್ರೀಯ ವಿದ್ಯುತ್ ಸಂಹಿತೆಯು ಸೌರ ವಿದ್ಯುತ್ತಿಗೆಂದು ಪ್ರತ್ಯೇಕ ಪ್ರಕರಣವೊಂದನ್ನು 1984ರಲ್ಲಿಯೇ ಸೇರಿಸಿಕೊಂಡಿತು. ಎಟುಕುವಿಕೆಯಲ್ಲಿ ಎರಡು ಮಟ್ಟಗಳನ್ನು ಆ ಸಂಹಿತೆ ಎಣಿಸುತ್ತದೆ. ಹೇಗಾದರೂ ಮಾಡಿ ತಲುಪಬಹುದಾದುದು ಗಮ್ಯ. ಏಣಿ ಹಾಕದೆ, ಏನನ್ನೂ ಹತ್ತದೆ, ಅಡ್ಡವಿದ್ದುದನ್ನು ಸರಿಸದೆ ಬೇಗನೆ ತಲುಪಬಹುದಾದುದು ಸುಲಭಗಮ್ಯ. ಸಾಮಾನ್ಯವಾಗಿ ಫ್ಯೂಸು, ಬ್ರೇಕರುಗಳು ಸುಲಭಗಮ್ಯವಾಗಿರಬೇಕು. ಅವುಗಳ ಹಿಡಿ ನೆಲದಿಂದ 2 ಮೀಟರಿಗಿಂತ ಮೇಲಿರಬಾರದು ಎಂದು ಅದರ ವಿಧಿ.

ಆದರೆ ತಾರಸಿಯ ಸೌರ ಸಾಲುಗಳಿಗೆ ಈ ವಿಧಿಯನ್ನು ಅನ್ವಯಿಸುವುದು ಕಷ್ಟ. ಸಾಲುಗಳು ಕೂಡುವ ಸ್ಥಳದಲ್ಲಿಯೇ ಫ್ಯೂಸು ಇದ್ದರೆ ತಾನೇ ಹಿಮ್ಮುಖ ಪ್ರವಾಹವನ್ನು ತಡೆದೀತು? ಆ ಕೂಡುಸ್ಥಳ ಅನೇಕ ವೇಳೆ ಮಾಡಿನ ಮೇಲೆಯೇ ಇರುತ್ತದೆ. ಇದನ್ನು ಮನಗಂಡು 2011ರ ಆವೃತ್ತಿಯು, ಸೌರ ಸಾಲುಗಳ ಫ್ಯೂಸು ಗಮ್ಯವಾಗಿದ್ದರೆ ಸಾಕು, ಸುಲಭಗಮ್ಯವಾಗಿರಲೇಬೇಕೆಂದಿಲ್ಲ ಎಂದು ವಿನಾಯಿತಿ ಕೊಟ್ಟಿತ್ತು. ವಿನಾಯಿತಿ ನ್ಯಾಯವಾದುದೇ. ಆದರೆ ಗಮ್ಯ ಎಂಬ ಮಾತನ್ನು ಎಷ್ಟು ದೂರ ಎಳೆಯಬಹುದು? ಜಾರುವ ಹೆಂಚಿನ ಮೇಲೆ, ಫಲಕದ ಅಡಿಯಲ್ಲಿ, ಹಿಡಿದುಕೊಳ್ಳಲು ಕಟಕಟೆಯೂ ಇಲ್ಲದ ಕಡೆ ಪೆಟ್ಟಿಗೆಯನ್ನು ಬಿಗಿದರೆ, ಹೆಸರಿಗೆ ಅದು ಗಮ್ಯ. ವಾಸ್ತವವಾಗಿ ಅಲ್ಲಿಗೆ ಯಾರೂ ಹೋಗುವುದಿಲ್ಲ. ಸಡಿಲವಾದ ತಿರುಪು ಕಾಯುತ್ತಲೇ ಇರುತ್ತದೆ, ಮಳೆನೀರು ಒಳಗೆ ಇಳಿಯುತ್ತದೆ, ಕರಗಿದ ಫ್ಯೂಸು ತಿಂಗಳುಗಟ್ಟಲೆ ಹಾಗೆಯೇ ಉಳಿಯುತ್ತದೆ.

ನೋಡದೆ ಬಿಟ್ಟ ದೋಷ ಏನು ಮಾಡಬಲ್ಲುದೆಂಬುದಕ್ಕೆ 2009ರ ಏಪ್ರಿಲ್ 5ರಂದು ಕ್ಯಾಲಿಫೋರ್ನಿಯದ ಬೇಕರ್ಸ್‌ಫೀಲ್ಡಿನಲ್ಲಿ ದೊಡ್ಡ ಅಂಗಡಿಯೊಂದರ ಮಾಡಿನ ಮೇಲೆ ಎದ್ದ ಬೆಂಕಿಯೇ ಸಾಕ್ಷಿ. ಅಲ್ಲಿ ಸಣ್ಣ ತಂತಿಯೊಂದು ಲೋಹಕ್ಕೆ ತಗುಲಿ ಭೂಸಂಪರ್ಕ ದೋಷ ಉಂಟಾಗಿತ್ತು. ಅದರಲ್ಲಿ ಹರಿದ ಪ್ರವಾಹ ಅಲ್ಪವಾದ್ದರಿಂದ ಭೂದೋಷದ ಫ್ಯೂಸಿಗೆ ಅದು ತಿಳಿಯಲೇ ಇಲ್ಲ. ಮುಂದೆ ದಪ್ಪ ತಂತಿಯಲ್ಲಿ ಎರಡನೆಯ ದೋಷ ಉಂಟಾದಾಗ ಆ ಫ್ಯೂಸು ಕರಗಿತು. ಆದರೆ ಎರಡು ದೋಷಗಳ ನಡುವಿನ ದಾರಿಯಲ್ಲಿ ಪ್ರವಾಹ ಹರಿಯುತ್ತಲೇ ಇದ್ದು ಬೆಂಕಿ ಹತ್ತಿತು. ಫ್ಯೂಸು ಇದ್ದರಷ್ಟೇ ಸಾಲದು, ಕಾಲಕಾಲಕ್ಕೆ ತಂತಿಗಳ ನಿರೋಧವನ್ನು ಪರೀಕ್ಷಿಸುವ ಕೈಯೂ ಬೇಕು ಎಂಬುದು ಇದರಿಂದ ದೊರೆಯುವ ಪಾಠ. ಕೈ ಹೋಗಬೇಕಾದರೆ ದಾರಿ ಇರಬೇಕಷ್ಟೆ.

ನಮ್ಮ ನಿಯಮಗಳು

ನಮ್ಮ ದೇಶಕ್ಕೂ ಈ ವಿವೇಕ ಹೊಸತಲ್ಲ. ಗ್ರಾಹಕನ ಮನೆಯಲ್ಲಿ ಕಟ್‌ಔಟು ಎಟುಕುವ ಸ್ಥಳದಲ್ಲಿ, ಬೆಂಕಿ ತಾಗದ ಪೆಟ್ಟಿಗೆಯೊಳಗೆ ಇರಬೇಕೆಂದು 1956ರ ಭಾರತೀಯ ವಿದ್ಯುತ್ ನಿಯಮಗಳೇ ಹೇಳಿದ್ದುವು. 2013ರಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರವು ಇಂತಹ ಸಣ್ಣ ಉತ್ಪಾದನಾ ಘಟಕಗಳಿಗಾಗಿ ಮಾಡಿದ ನಿಯಮಗಳಲ್ಲಿ, ಕೈಯಿಂದ ನಡೆಸುವ ಬೇರ್ಪಡಿಸುವ ಸ್ವಿಚ್ಚೊಂದು ಇರತಕ್ಕದ್ದೆಂದೂ, ವಿದ್ಯುತ್ ಸಂಸ್ಥೆಯ ನೌಕರರು ದಿನದ 24 ಗಂಟೆಯೂ, ಮನೆಯವರ ಅನುಮತಿಗೆ ಕಾಯದೆ, ಬೇಗನೆ ಅದನ್ನು ತಲುಪುವಂತಿರಬೇಕೆಂದೂ ವಿಧಿಸಿತು. ಇದರ ಹಿಂದಿರುವುದು ಲೈನ್‌ಮನ್ನನ ಪ್ರಾಣದ ಪ್ರಶ್ನೆ. ಕಂಬದ ಮೇಲೆ ಕೆಲಸ ಮಾಡುವವನಿಗೆ ಕೆಳಗಿನ ಮನೆಗಳಿಂದ ವಿದ್ಯುತ್ತು ಹಿಂದಿರುಗಿ ಬರುವುದಿಲ್ಲವೆಂಬ ಭರವಸೆ ಬೇಕಲ್ಲವೆ? ಕಂಬದ ವಿದ್ಯುತ್ತು ನಿಂತೊಡನೆ ಇನ್ವರ್ಟರು ತಾನಾಗಿಯೇ ನಿಲ್ಲಬೇಕೆಂಬ ವ್ಯವಸ್ಥೆಯಿದೆ, ನಿಜ. ಆದರೂ ಯಂತ್ರದ ಮಾತಿನ ಜೊತೆಗೆ ಕಣ್ಣಿಗೆ ಕಾಣುವ, ಬೀಗ ಹಾಕಬಹುದಾದ ಸ್ವಿಚ್ಚೂ ಇರಲಿ ಎಂಬುದು ನಿಯಮದ ಆಶಯ.

ಇಲ್ಲಿ ಜನಸಾಮಾನ್ಯರಲ್ಲಿರುವ ಒಂದು ತಪ್ಪು ತಿಳಿವಳಿಕೆಯನ್ನು ಹೇಳಲೇಬೇಕು. ಮೀಟರ್ ಬೋರ್ಡಿನ ಮೇನ್ ಸ್ವಿಚ್ಚನ್ನು ಆರಿಸಿದರೆ ಮನೆಯೆಲ್ಲ ನಿರ್ಜೀವವಾಯಿತೆಂದು ನಾವು ನಂಬಿದ್ದೇವೆ. ಸೌರ ಫಲಕವಿರುವ ಮನೆಯಲ್ಲಿ ಇದು ಪೂರ್ತಿ ಸತ್ಯವಲ್ಲ. ಮೂರು ಕಿಲೋವಾಟ್‌ನಷ್ಟರ ಮನೆಯಲ್ಲಿ ತಲಾ ಸುಮಾರು 50 ವೋಲ್ಟಿನ ಆರು ಫಲಕಗಳು ಒಂದೇ ಸಾಲಿನಲ್ಲಿದ್ದರೆ, ಬಿಸಿಲಿರುವಷ್ಟು ಹೊತ್ತೂ ಫಲಕದಿಂದ ಇಳಿದು ಬರುವ ತಂತಿಯಲ್ಲಿ ಸುಮಾರು 300 ವೋಲ್ಟು ಇದ್ದೇ ಇರುತ್ತದೆ. ಬೆಂಕಿ ಆರಿಸಲು ಬಂದವನು ನೀರಿನ ಕೊಳವೆ ಹಿಡಿದು ನಿಂತಾಗ ಇದನ್ನು ತಿಳಿದಿರಬೇಕು. ಅವನಿಗೆ ತಿಳಿಸುವ ಫಲಕವೂ, ತಡೆಯುವ ಸ್ವಿಚ್ಚೂ ಇಲ್ಲದಿದ್ದರೆ ಆ ಅಪಾಯ ನಾವು ಅವನಿಗೆ ಕೊಟ್ಟಂತೆಯೇ.

ಆಚರಣೆಯಲ್ಲಿ

ಮೇಲಿನ ವಿಚಾರದಿಂದ ಕೆಲವು ಸರಳ ತೀರ್ಮಾನಗಳಿಗೆ ಬರಬಹುದು. ಒಂದನೆಯದಾಗಿ, ಸಾಧ್ಯವಾದಲ್ಲೆಲ್ಲ ಸಾಲುಗಳ ತಂತಿಗಳನ್ನು ಕೆಳಕ್ಕೆ ತಂದು, ಇನ್ವರ್ಟರಿನ ಪಕ್ಕದಲ್ಲಿಯೇ ಡಿ.ಸಿ. ಪೆಟ್ಟಿಗೆಯನ್ನೂ ಏ.ಸಿ. ಪೆಟ್ಟಿಗೆಯನ್ನೂ ಎದೆಯ ಮಟ್ಟದಲ್ಲಿ ಇಡುವುದು ಒಳ್ಳೆಯದು. ಎರಡನೆಯದಾಗಿ, ಪೆಟ್ಟಿಗೆ ತಾರಸಿಯಲ್ಲಿಯೇ ಇರಬೇಕಾದರೆ, ಮೆಟ್ಟಿಲಿನಿಂದ ನಡೆದು ತಲುಪುವಂತೆ, ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿ ಸ್ವಿಚ್ಚಿರುವಂತೆ ಏರ್ಪಡಿಸಬೇಕು. ಮೂರನೆಯದಾಗಿ, ಪೆಟ್ಟಿಗೆಗೆ ನೆರಳು ಬೇಕು. ಬಿಸಿಲಿನಲ್ಲಿ ಕಾದ ಪೆಟ್ಟಿಗೆಯೊಳಗಿನ ಫ್ಯೂಸೂ ಬ್ರೇಕರೂ ತಮಗೆ ನಿಗದಿಯಾದ ಪ್ರವಾಹಕ್ಕಿಂತ ಕಡಮೆಯಲ್ಲಿಯೇ ಕಡಿದುಕೊಳ್ಳುತ್ತವೆ. ನಾಲ್ಕನೆಯದಾಗಿ, ದೊಡ್ಡವರ ಕೈಗೆ ಎಟುಕುವುದು ಮಕ್ಕಳ ಕೈಗೂ ಎಟುಕೀತು. ಫ್ಯೂಸಿನ ಪೆಟ್ಟಿಗೆಗೆ ಬಾಗಿಲು ಭದ್ರವಾಗಿರಲಿ, ಆದರೆ ತುರ್ತಿನ ಸ್ವಿಚ್ಚಿನ ಹಿಡಿ ಹೊರಗೇ ಇರಲಿ. ಐದನೆಯದಾಗಿ, ಯಾವ ಸ್ವಿಚ್ಚು ಯಾವುದನ್ನು ಆರಿಸುತ್ತದೆ, ಮೊದಲು ಯಾವುದು, ಅನಂತರ ಯಾವುದು ಎಂಬುದನ್ನು ಕನ್ನಡದಲ್ಲಿ ದಪ್ಪಕ್ಷರಗಳಿಂದ ಬರೆದು ಅಂಟಿಸಬೇಕು. ಅಪಾಯದ ಹೊತ್ತಿನಲ್ಲಿ ಮನೆಯಲ್ಲಿರುವವರು ಇಂಜಿನಿಯರರಲ್ಲ. ಅಜ್ಜಿಯೋ ಶಾಲೆಯ ಹುಡುಗನೋ ಇರಬಹುದು.

ನಮ್ಮದು ಕಲಾ ಕಾಲೇಜು. ಫ್ಯೂಸಿನ ವಿಚಾರ ನಮಗೇಕೆ ಎಂದು ಕೆಲವು ಮಿತ್ರರು ಕೇಳಬಹುದು. ಸೂರ್ಯನನ್ನು ಮನೆಗೆ ಕರೆದವರೆಲ್ಲರೂ ತಿಳಿಯಬೇಕಾದ ವಿಷಯವಿದು. ಮೇಲಿನ ಮಾತುಗಳಲ್ಲಿ ಗಣಿತ ಸ್ವಲ್ಪ. ಇನ್ನೊಬ್ಬರ ಕ್ಷೇಮದ ಚಿಂತೆಯೇ ಹೆಚ್ಚು. ಮಳೆಯಲ್ಲಿ ಮಾಡು ಹತ್ತಬೇಕಾದ ಕೆಲಸಗಾರ, ಕಂಬದ ಮೇಲಿನ ಲೈನ್‌ಮನ್, ಬೆಂಕಿಗೆ ಎದುರಾಗುವ ಅಗ್ನಿಶಾಮಕ ಇವರು ಮೂವರೂ ನಾವು ಪೆಟ್ಟಿಗೆಯನ್ನು ಎಲ್ಲಿಟ್ಟೆವೆಂಬುದರ ಫಲವನ್ನು ಉಣ್ಣುವವರು. ಕಾವಲಿಗೆ ಆಳನ್ನಿಟ್ಟು ಅವನನ್ನು ಯಾರೂ ಮಾತಾಡಿಸಲಾಗದ ಕೋಣೆಯಲ್ಲಿ ಕೂಡಿಹಾಕುವುದು ಜಾಣತನವಲ್ಲ. ಫಲಕ ಹಾಕಿಸುವ ದಿನವೇ, ಬೆಲೆಯ ಮಾತಿನ ಜೊತೆಗೆ, ಸ್ವಿಚ್ಚು ಎಲ್ಲಿ ಎಂಬ ಮಾತನ್ನೂ ಪ್ರತಿಯೊಬ್ಬ ಗೃಹಸ್ಥನೂ ಕೇಳಲಿ.