ಮೈಟೊಕಾಂಡ್ರಿಯಾ ಕಾಯಿಲೆ: ಹೊಟ್ಟೆ ಖಾಲಿ ಬಿಡಬೇಡಿ

ಮದ್ದಿಲ್ಲ ಎಂದು ಆಸ್ಪತ್ರೆಯಲ್ಲಿ ಕೈಚೆಲ್ಲಿದ ಮೇಲೆ ಬಹಳಷ್ಟು ಮನೆಗಳಲ್ಲಿ ಹರಕೆ, ಉಪವಾಸ ಶುರುವಾಗುತ್ತದೆ. ಹರಕೆಯಿಂದ ತೊಂದರೆಯಿಲ್ಲ. ರೋಗಿಯೇ ಉಪವಾಸ ಕೂತರೆ ಮಾತ್ರ ಅಪಾಯ.

ಜೀವಕೋಶಕ್ಕೆ ಶಕ್ತಿ ಒದಗಿಸುವುದು ಮೈಟೊಕಾಂಡ್ರಿಯಾ. ಅದು ಕೆಟ್ಟರೆ ಮಿದುಳು, ಸ್ನಾಯು, ಹೃದಯ, ಕಣ್ಣು, ಕಿವಿ ಸೊರಗುತ್ತವೆ. ಸುಮಾರು 5,000 ಮಂದಿಯಲ್ಲಿ ಒಬ್ಬರಿಗೆ ಈ ಕಾಯಿಲೆ ಬರುತ್ತದೆಂಬ ಅಂದಾಜಿದೆ.

1. ಕಾಯಿಲೆಯ ಹೆಸರು ತಿಳಿಯಿರಿ
ಹಳೆಯ ರಿಪೋರ್ಟ್, ಸ್ಕ್ಯಾನ್ ಎಲ್ಲವನ್ನೂ ಹಿಡಿದು ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಿ, ಜೀನ್ ಪರೀಕ್ಷೆಯ ಬಗ್ಗೆ ಕೇಳಿ. ಕೋ-ಎಂಜೈಮ್ ಕ್ಯೂ10 ಕೊರತೆಯಂಥ ಕೆಲವು ಬಗೆಗಳಿಗೆ ಚಿಕಿತ್ಸೆ ಇದೆ. ತಾಯಿಯಿಂದಲೇ ಬಂತು ಎಂದು ಸೊಸೆಯನ್ನು ದೂರುವ ಚಾಳಿ ಬಿಡಬೇಕು. ಮಕ್ಕಳಲ್ಲಿ ಎಷ್ಟೋ ಸಲ ದೋಷ ತಂದೆ-ತಾಯಿ ಇಬ್ಬರಿಂದಲೂ ಬಂದಿರುತ್ತದೆ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾದ ಮನೆಗಳಲ್ಲಿ ಆ ಸಾಧ್ಯತೆ ಇನ್ನೂ ಹೆಚ್ಚು.

2. ಹೊಟ್ಟೆ ಖಾಲಿ ಬಿಡಬೇಡಿ
ಜಿನನಾಥಪುರ, ಶ್ರವಣಬೆಳಗೊಳದ ಜೈನ ಮನೆಗಳಲ್ಲಿ ಹೊತ್ತು ಮುಳುಗುವ ಮೊದಲೇ ಊಟ ಮುಗಿಯುತ್ತದೆ. ಮತ್ತೆ ಬಾಯಿಗೆ ಏನಾದರೂ ಬೀಳುವುದು ಬೆಳಗಾದ ಮೇಲೆ. ಹನ್ನೆರಡು ಗಂಟೆಯ ಆ ಬಿಡುವು ಗಟ್ಟಿಮುಟ್ಟಾದವರಿಗೆ ಒಳ್ಳೆಯದೇ ಇರಬಹುದು, ಶಕ್ತಿಗೆ ಮೊದಲೇ ಕೊರತೆಯಿರುವ ಈ ರೋಗಿಗಳಿಗಲ್ಲ. ಭಾದ್ರಪದದ ದಶಲಕ್ಷಣ ಪರ್ವ, ಏಕಾದಶಿ, ಶಿವರಾತ್ರಿಯ ಉಪವಾಸಕ್ಕೂ ಇದೇ ಮಾತು. ವ್ರತವನ್ನು ಮನೆಯ ಬೇರೊಬ್ಬರು ಹಿಡಿಯಲಿ. ರೋಗಿ ಮಲಗುವ ಮುಂಚೆ ಒಂದಿಷ್ಟು ತಿನ್ನಲಿ. ಹಗಲಲ್ಲೂ ಮೂರು ದೊಡ್ಡ ಊಟದ ಬದಲು ಸ್ವಲ್ಪ ಸ್ವಲ್ಪವೇ ಹಲವು ಸಲ ತಿನ್ನಲಿ.

ಉಪವಾಸ ಆಸ್ಪತ್ರೆಯಲ್ಲೂ ಕಾದಿರುತ್ತದೆ. ರಕ್ತಪರೀಕ್ಷೆಗೆ, ಆಪರೇಷನ್‌ಗೆ ಬರಿಹೊಟ್ಟೆಯಲ್ಲಿ ಬನ್ನಿ ಎಂದು ನರ್ಸ್ ಹೇಳಿದಾಗ ಸುಮ್ಮನೆ ತಲೆಯಾಡಿಸಬಾರದು. ಕಾಯಿಲೆಯ ಹೆಸರು ಹೇಳಿ, ದಿನದ ಮೊದಲ ಸರದಿಯನ್ನೇ ಕೇಳಬೇಕು. ಅಲ್ಲಿಯವರೆಗೆ ಗ್ಲೂಕೋಸ್ ಡ್ರಿಪ್ ಬೇಕೇ ಎಂದು ವಿಚಾರಿಸಬೇಕು. ಜ್ವರ, ವಾಂತಿಯಾಗಿ ಊಟ ಸೇರದಿದ್ದರೆ ಬೆಳಗಾಗಲಿ ಎಂದು ಕಾಯದೆ ಆಗಲೇ ಆಸ್ಪತ್ರೆಗೆ ಹೊರಡಬೇಕು. ಪೈರುವೇಟ್ ಡಿಹೈಡ್ರೋಜಿನೇಸ್ ದೋಷ ಇದ್ದವರಿಗೆ ಮಾತ್ರ ಗ್ಲೂಕೋಸ್ ಹೆಚ್ಚಾದರೂ ಕಷ್ಟ. ಕಾಯಿಲೆಯ ಹೆಸರು ತಿಳಿದಿರಬೇಕೆಂದದ್ದು ಇದಕ್ಕೇ.

3. ಒಂದು ಹಾಳೆ ಸಿದ್ಧವಿರಲಿ
ತಜ್ಞ ವೈದ್ಯರ ಕೈಯಲ್ಲಿ ಸಹಿ, ಸೀಲು ಹಾಕಿಸಿದ ಒಂದೇ ಪುಟ ಸಾಕು: ಕಾಯಿಲೆ, ಜೀನ್, ಈಗಿನ ಮಾತ್ರೆಗಳು, ಯಾವ ಡ್ರಿಪ್ ಕೊಡಬಹುದು, ಯಾವ ಔಷಧ ಕೂಡದು. ಅಪಸ್ಮಾರಕ್ಕೆ ಕೊಡುವ ವಾಲ್ಪ್ರೋಯೇಟ್, ಪೋಲ್ಜಿ ಜೀನ್ ದೋಷ ಇದ್ದವರ ಯಕೃತ್ತಿಗೆ ಮಾರಕ. ಅಂಗಡಿಯಲ್ಲಿ ಅದು ವಾಲ್ಪಾರಿನ್, ಎನ್‌ಕೋರೇಟ್ ಎಂಬ ಹೆಸರಲ್ಲೂ ಸಿಗುತ್ತದೆ. ಕೆಲವು ಜೀನ್ ರೂಪಾಂತರಗಳಿದ್ದವರಿಗೆ ಜೆಂಟಾಮೈಸಿನ್, ಅಮಿಕಾಸಿನ್ ಇಂಜೆಕ್ಷನ್‌ನಿಂದ ಕಿವಿ ಹೋಗಬಹುದು. ಹಾಗೆಂದು ತೆಗೆದುಕೊಳ್ಳುತ್ತಿರುವ ಮಾತ್ರೆಯನ್ನು ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ಹಾಳೆಯ ಒಂದು ಪ್ರತಿ ಪರ್ಸಿನಲ್ಲಿ, ಇನ್ನೊಂದು ಶಾಲೆಯ ಬ್ಯಾಗಿನಲ್ಲಿ, ಫೋಟೊ ಮೊಬೈಲಿನಲ್ಲಿರಲಿ.

4. ದಣಿವಿಗೆ ಲೆಕ್ಕವಿರಲಿ
ಹಗುರ ವ್ಯಾಯಾಮ ಒಳ್ಳೆಯದು, ಹಟ ಕೂಡದು. ಶ್ರವಣಬೆಳಗೊಳದ ವಿಂಧ್ಯಗಿರಿ ಬೆಟ್ಟದ ಆರುನೂರಕ್ಕೂ ಹೆಚ್ಚು ಮೆಟ್ಟಿಲನ್ನು ಹತ್ತಿಯೇ ತೀರುತ್ತೇನೆ ಎನ್ನುವವರನ್ನು ಡೋಲಿಯಲ್ಲಿ ಕೂರಿಸಿ.

5. ಸರ್ಕಾರದ ನೆರವು, ವರ್ಷದ ತಪಾಸಣೆ
2016ರ ಅಂಗವಿಕಲರ ಹಕ್ಕು ಕಾಯ್ದೆಯಡಿ ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡಿಗೆ ಅರ್ಜಿ ಹಾಕಬಹುದು. 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಲ್ಲಿ ಗರಿಷ್ಠ 50 ಲಕ್ಷ ರೂಪಾಯಿ ನೆರವಿದೆ. ನಿಮ್ಮ ಕಾಯಿಲೆ ಪಟ್ಟಿಯಲ್ಲಿದೆಯೇ ಎಂದು ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್‌ನಲ್ಲಿ ವಿಚಾರಿಸಿ. ವರ್ಷಕ್ಕೊಮ್ಮೆ ಇಸಿಜಿ, ಕಣ್ಣು, ಕಿವಿ, ಸಕ್ಕರೆ ಪರೀಕ್ಷೆ ಮಾಡಿಸಿ. ಮುಂದಿನ ಮಗುವಿನ ಯೋಚನೆ ಇದ್ದರೆ ಗರ್ಭ ನಿಲ್ಲುವ ಮೊದಲೇ ಜೆನೆಟಿಕ್ ಕೌನ್ಸೆಲರ್ ಅವರನ್ನು ಕಾಣಬೇಕು.