ಬಿಸಿಲು, ಬಿಸಿ, ವಿದ್ಯುತ್ತು: ಮಾಳಿಗೆಯ ಮೇಲಿನ ಒಂದು ಲೆಕ್ಕ

ಏಪ್ರಿಲ್ ತಿಂಗಳ ನಡುಹಗಲಿನಲ್ಲಿ ಮುಂಡರಗಿಯಲ್ಲಾಗಲಿ ಲಕ್ಷ್ಮೇಶ್ವರದಲ್ಲಾಗಲಿ ಮನೆಯ ಮಾಳಿಗೆಯನ್ನೇರಿ, ಅಲ್ಲಿರುವ ಸೌರಫಲಕದ ಮೇಲೆ ಅಂಗೈಯಿಟ್ಟವರು ಮರುಕ್ಷಣವೇ ಕೈಯನ್ನು ಹಿಂದಕ್ಕೆ ಸೆಳೆದುಕೊಳ್ಳುತ್ತಾರೆ. ಬಿಸಿಲು ಪ್ರಖರವಾದಷ್ಟೂ ವಿದ್ಯುತ್ತು ಹೆಚ್ಚಬೇಕೆಂಬುದು ಸಾಮಾನ್ಯರ ಎಣಿಕೆ. ಆ ಎಣಿಕೆ ತಪ್ಪಲ್ಲ. ಆದರೆ ಪೂರ್ತಿ ಸರಿಯೂ ಅಲ್ಲ. ಫಲಕಕ್ಕೆ ಬೆಳಕು ಬೇಕು, ಬಿಸಿ ಬೇಡ. ಒಂದನ್ನು ಬಿಟ್ಟು ಇನ್ನೊಂದು ಬರುವುದಿಲ್ಲ. ಹೀಗಿರಲು ಆ ಫಲಕವು ನಿಜವಾಗಿ ಎಷ್ಟು ವಿದ್ಯುತ್ತನ್ನು ಕೊಡುತ್ತದೆಂಬುದನ್ನು ಕಾಗದ ಪೆನ್ಸಿಲುಗಳಿಂದಲೇ ಲೆಕ್ಕ ಹಾಕಿ ನೋಡೋಣ.

ಫಲಕದಲ್ಲಿರುವುದು ಸಿಲಿಕಾನ್ ಎಂಬ ಅರೆವಾಹಕದ ತೆಳುವಾದ ಬಿಲ್ಲೆಗಳು. ಇವೇ ಸೌರಕೋಶಗಳು. ಬೆಳಕಿನ ಕಣವಾದ ಫೋಟಾನಿನಲ್ಲಿ ಸುಮಾರು 1.12 ಎಲೆಕ್ಟ್ರಾನ್ ವೋಲ್ಟಿನಷ್ಟಾದರೂ ಶಕ್ತಿಯಿದ್ದರೆ ಅದು ಸಿಲಿಕಾನಿನಲ್ಲಿ ಒಂದು ಎಲೆಕ್ಟ್ರಾನನ್ನು ಬಂಧನದಿಂದ ಬಿಡಿಸಬಲ್ಲದು. ನೀಲಿ ಬೆಳಕಿನ ಫೋಟಾನಿನಲ್ಲಿ ಇದರ ಸುಮಾರು ಎರಡೂವರೆ ಪಟ್ಟು ಶಕ್ತಿಯಿರುತ್ತದೆ, ಮಿಕ್ಕದ್ದೆಲ್ಲ ಶಾಖವಾಗುತ್ತದೆ. ಒಂದು ಕೋಶದ ವೋಲ್ಟೇಜು ಅರ್ಧ ವೋಲ್ಟಿಗಿಂತ ತುಸು ಹೆಚ್ಚು. ಕೋಶವು ಬಿಸಿಯಾದಂತೆ ಅದು ಡಿಗ್ರಿಗೆ ಸುಮಾರು 2 ಮಿಲಿವೋಲ್ಟಿನಂತೆ ಕುಗ್ಗುತ್ತದೆ; ಏಕೆಂದರೆ ಶಾಖದ ಕುಲುಕಾಟದಿಂದ ಕೋಶದೊಳಗೇ ಹಿಂದಕ್ಕೆ ಸೋರುವ ಪ್ರವಾಹವು ಬೆಳೆಯುತ್ತದೆ. ಒಟ್ಟಿನಲ್ಲಿ ಫಲಕದ ಉತ್ಪಾದನೆಯು ಡಿಗ್ರಿಗೆ ಶೇಕಡ 0.4ರಷ್ಟು ಇಳಿಯುವುದೆಂದು ಹಿಡಿಯಬಹುದು.

ತಯಾರಕರು ಫಲಕದ ಬೆನ್ನಿಗೆ ಅಚ್ಚುಹಾಕುವ ವಾಟ್ ಸಂಖ್ಯೆಯು, ಚದರ ಮೀಟರಿಗೆ 1000 ವಾಟ್ ಬಿಸಿಲು ಬೀಳುತ್ತಿದ್ದು ಕೋಶದ ಉಷ್ಣತೆ 25 ಡಿಗ್ರಿ ಸೆಂಟಿಗ್ರೇಡ್ ಇದ್ದಾಗಿನದು. ನಮ್ಮ ಬೇಸಗೆಯಲ್ಲಿ 25 ಡಿಗ್ರಿಯ ಫಲಕವನ್ನು ಕಾಣಬೇಕಾದರೆ ಬೆಳಗಿನ ಜಾವದಲ್ಲಿ ಏಳಬೇಕು, ಆಗ ಬಿಸಿಲಿರುವುದಿಲ್ಲ!

ಈಗ ಲೆಕ್ಕಕ್ಕೆ ಬರೋಣ. ಗಾಳಿಯ ಉಷ್ಣತೆ 40 ಡಿಗ್ರಿ. ಬಿದ್ದ 1000 ವಾಟಿನಲ್ಲಿ 900 ವಾಟನ್ನು ಫಲಕವು ಹೀರಿಕೊಳ್ಳಲಿ. 25 ಡಿಗ್ರಿಯಲ್ಲಿ ಅದು 200 ವಾಟ್ ವಿದ್ಯುತ್ತನ್ನು ಕೊಡಲಿ. ಸುತ್ತಣ ಗಾಳಿಗಿಂತ ಅದು ಒಂದು ಡಿಗ್ರಿ ಬಿಸಿಯಾದರೆ, ಮೆಲುಗಾಳಿಯಲ್ಲಿ, ಚದರ ಮೀಟರಿಗೆ 25 ವಾಟ್ ಶಾಖವು ಹೊರಹೋಗಲಿ. ತೊಡಕು ಇಲ್ಲಿಯೇ. ಉಷ್ಣತೆ ತಿಳಿಯದೆ ವಿದ್ಯುತ್ತು ತಿಳಿಯದು. ವಿದ್ಯುತ್ತು ತಿಳಿಯದೆ ಎಷ್ಟು ಶಾಖ ಉಳಿಯಿತೆಂಬುದು ತಿಳಿಯದು. ಶಾಖ ತಿಳಿಯದೆ ಉಷ್ಣತೆ ತಿಳಿಯದು.

ಆದುದರಿಂದ ಒಂದು ಊಹೆಯಿಂದ ಹೊರಡಬೇಕು. ಫಲಕವೂ 40 ಡಿಗ್ರಿಯಲ್ಲಿಯೇ ಇದೆಯೆನ್ನೋಣ. ಆಗ ವಿದ್ಯುತ್ತು 188 ವಾಟ್. ಉಳಿದ 712 ವಾಟ್ ಶಾಖ. ಇದನ್ನು 25ರಿಂದ ಭಾಗಿಸಿದರೆ 28.5 ಡಿಗ್ರಿ ಏರಿಕೆ. ಅಂದರೆ ಫಲಕ 68.5 ಡಿಗ್ರಿಯಲ್ಲಿರಬೇಕು. ನಮ್ಮ ಊಹೆ ಸುಳ್ಳಾಯಿತು. ಚಿಂತೆಯಿಲ್ಲ, ಹೊಸ ಉಷ್ಣತೆಯನ್ನಿಟ್ಟು ಮತ್ತೆ ಮಾಡೋಣ. ವಿದ್ಯುತ್ತು 165 ವಾಟ್, ಶಾಖ 735 ವಾಟ್, ಉಷ್ಣತೆ 69.4 ಡಿಗ್ರಿ. ಮೂರನೆಯ ಸುತ್ತಿನಲ್ಲಿಯೂ ಉಷ್ಣತೆ 69.4 ಡಿಗ್ರಿಯೇ ಬರುತ್ತದೆ. ಬೆಳಕು, ವಿದ್ಯುತ್ತು, ಶಾಖ ಮೂರರ ಲೆಕ್ಕಗಳೂ ಒಂದಕ್ಕೊಂದು ಹೊಂದಿಕೊಂಡವು. 200 ವಾಟಿನ ಫಲಕವು ಕೊಟ್ಟದ್ದು 164 ವಾಟಿಗಿಂತ ತುಸು ಹೆಚ್ಚು, ಅಷ್ಟೆ.

ಇಷ್ಟು ಬೇಗ ಉತ್ತರವು ನೆಲೆ ನಿಂತದ್ದೇಕೆ? ಉಷ್ಣತೆ ಒಂದು ಡಿಗ್ರಿ ಏರಿದರೆ ವಿದ್ಯುತ್ತು 0.8 ವಾಟ್ ಕಡಮೆಯಾಗಿ, ಅಷ್ಟೇ ಶಾಖವು ಹೆಚ್ಚುತ್ತದೆ. ಆದರೆ ಅದೇ ಒಂದು ಡಿಗ್ರಿಗೆ 25 ವಾಟ್ ಹೊರಹೋಗುತ್ತದೆ. 0.8ನ್ನು 25ರಿಂದ ಭಾಗಿಸಿದರೆ 0.032. ಪ್ರತಿ ಸುತ್ತಿನಲ್ಲಿಯೂ ತಪ್ಪು ಹಿಂದಿನ ತಪ್ಪಿನ ಮೂವತ್ತರಲ್ಲೊಂದು ಪಾಲಿಗೆ ಕುಗ್ಗುತ್ತದೆ. ಈ ಒಂದು ಭಿನ್ನರಾಶಿಯನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಇದೇ ಲೆಕ್ಕದಿಂದ ಇನ್ನೂ ಕೆಲವು ಸಂಗತಿಗಳು ಹೊರಬೀಳುತ್ತವೆ. ತಂತಿಯನ್ನು ಬಿಚ್ಚಿಬಿಟ್ಟರೆ 900 ವಾಟೂ ಶಾಖವೇ ಆಗಿ ಫಲಕವು 76 ಡಿಗ್ರಿಗೆ ಏರುತ್ತದೆ. ದುಡಿಯುವ ಫಲಕ ಸುಮ್ಮನಿರುವ ಫಲಕಕ್ಕಿಂತ ತಣ್ಣಗಿರುತ್ತದೆ! ಕಪ್ಪತಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ತಿರುಗಿಸುವಂಥ ಬಲವಾದ ಗಾಳಿ ಬೀಸಿ, 25ರ ಬದಲು 40 ವಾಟ್ ಹೊರಹೋದರೆ, ಫಲಕ 58 ಡಿಗ್ರಿಗೆ ಇಳಿದು ಸುಮಾರು 173 ವಾಟ್ ಕೊಡುತ್ತದೆ. ಅದನ್ನೇ ತಗಡಿಗೆ ಒತ್ತಿ ಕೂರಿಸಿ, ಹಿಂಬದಿಗೆ ಗಾಳಿಯಾಡದಂತೆ ಮಾಡಿ, 15 ವಾಟ್ ಮಾತ್ರ ಹೊರಹೋಗುವಂತಾದರೆ ಉಷ್ಣತೆ 90 ಡಿಗ್ರಿ, ವಿದ್ಯುತ್ತು 148 ವಾಟ್. ಫಲಕದ ಕೆಳಗೆ ಒಂದು ಗೇಣು ತೆರಪು ಬಿಡಬೇಕೆಂದು ಬಲ್ಲವರು ಹೇಳುವುದು ಸುಮ್ಮನೆ ಅಲ್ಲ.

ನೆರಳಿನ ಸಂಗತಿ ಇನ್ನೂ ಗಂಭೀರವಾದುದು. ಕೋಶಗಳನ್ನು ಸಾಲಾಗಿ ಜೋಡಿಸಿರುವುದರಿಂದ ಎಲ್ಲದರಲ್ಲಿಯೂ ಒಂದೇ ಪ್ರವಾಹವು ಹರಿಯಬೇಕು. ಬೇವಿನ ಕೊಂಬೆಯ ನೆರಳು ಒಂದು ಕೋಶದ ಮೇಲೆ ಬಿದ್ದರೆ, ಉಳಿದ ಕೋಶಗಳು ತಮ್ಮ ಪ್ರವಾಹವನ್ನು ಅದರ ಮೂಲಕ ಬಲವಂತವಾಗಿ ನೂಕುತ್ತವೆ. ವಿದ್ಯುತ್ತನ್ನು ಕೊಡಬೇಕಾದ ಕೋಶವು ಅದನ್ನು ನುಂಗಿ ಕಾಯತೊಡಗುತ್ತದೆ. 23 ಕೋಶಗಳು ಅರ್ಧ ಅರ್ಧ ವೋಲ್ಟಿನಂತೆ 8 ಆಂಪಿಯರನ್ನು ನೂಕಿದರೆ ಆ ಒಂದು ಕೋಶದಲ್ಲಿ 92 ವಾಟ್ ಶಾಖವು ಹುಟ್ಟಬಹುದು. ಬಿಸಿಲು ಅದಕ್ಕೆ ಕೊಡುತ್ತಿದ್ದ ಶಾಖದ ಸುಮಾರು ನಾಲ್ಕು ಪಟ್ಟು ಇದು. ಕೋಶ ಸುಟ್ಟು ಕರಕಲಾಗುವುದೂ ಉಂಟು. ಆದ್ದರಿಂದಲೇ ಪ್ರತಿಯೊಂದು ಸಾಲಿಗೂ, ಪ್ರವಾಹವು ಬಳಸಿ ಹೋಗಲೆಂದು, ಒಂದು ಡಯೋಡನ್ನು ಇಟ್ಟಿರುತ್ತಾರೆ. ಇಂಥಲ್ಲಿ ಇಡೀ ಫಲಕಕ್ಕೆ ಒಂದೇ ಉಷ್ಣತೆಯೆಂಬ ನಮ್ಮ ಲೆಕ್ಕವು ಸಾಲದು. ಕೋಶ ಕೋಶಕ್ಕೂ ಬೇರೆ ಬೇರೆ ಲೆಕ್ಕ ಬೇಕು.

ಕೋಶದ ಒಳಗನ್ನೇ ಸಾವಿರಾರು ತುಣುಕುಗಳಾಗಿ ವಿಂಗಡಿಸಿ, ಎಲ್ಲಿ ಎಷ್ಟು ಬೆಳಕು ಹೀರಲ್ಪಟ್ಟಿತು, ಎಲೆಕ್ಟ್ರಾನುಗಳು ಎತ್ತ ಹರಿದವು, ಎಲ್ಲಿ ಶಾಖ ಹುಟ್ಟಿತು ಎಂಬುದನ್ನು ಗಣಕಯಂತ್ರದಿಂದ ಲೆಕ್ಕ ಹಾಕಿಸುವವರೂ ಇದೇ ರೀತಿ ಸುತ್ತು ಸುತ್ತಾಗಿ ಸಾಗುತ್ತಾರೆ. 1954ರಲ್ಲಿ ಶೇಕಡ 6ರಷ್ಟು ಸಾಮರ್ಥ್ಯದ ಸಿಲಿಕಾನ್ ಸೌರಕೋಶವನ್ನು ಹೊರತಂದ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿಯೇ, 1964ರಲ್ಲಿ ಹರ್ಮನ್ ಗುಮ್ಮೆಲ್ ಎಂಬವರು ಟ್ರಾನ್ಸಿಸ್ಟರಿನೊಳಗಣ ವಿದ್ಯುತ್ತಿನ ಲೆಕ್ಕಕ್ಕೆ ಇಂಥ ಒಂದು ಮಾರ್ಗವನ್ನು ಪ್ರಕಟಿಸಿದರು.

ಆದರೆ ಎಲ್ಲ ಸಾಧನಗಳೂ ಸೌರಫಲಕದಷ್ಟು ಸಾಧುವಲ್ಲ. ಗಾಜಿನ ಎಳೆಗಳೊಳಗೆ ಬೆಳಕಿನ ಸಂದೇಶವನ್ನು ಕಳುಹಿಸುವ ಅರೆವಾಹಕ ಲೇಸರು ಬಿಸಿಯಾದರೆ, ಅಷ್ಟೇ ಬೆಳಕಿಗೆ ಹೆಚ್ಚು ಪ್ರವಾಹವನ್ನು ಬೇಡುತ್ತದೆ. ಹೆಚ್ಚಿನ ಪ್ರವಾಹದಿಂದ ಇನ್ನಷ್ಟು ಬಿಸಿಯಾಗುತ್ತದೆ. ಹಿಂದೆ ಹೇಳಿದ ಭಿನ್ನರಾಶಿಯು ಅಲ್ಲಿ 1ರ ಸಮೀಪಕ್ಕೆ ಬರಬಹುದು. ಆಗ ಲೆಕ್ಕವು ನಿಧಾನವಾಗುತ್ತದೆ. 1ನ್ನು ದಾಟಿದರೆ ನೆಲೆ ನಿಲ್ಲುವುದೇ ಇಲ್ಲ. ಇದು ಗಣಿತದ ಹಟವಲ್ಲ. ಸಾಧನವೂ ಹಾಗೆಯೇ ಕೈಮೀರಿ ಕಾಯುತ್ತದೆ.

ಓದುಗರು ತಾವೇ ಮಾಡಿ ನೋಡಲು ಒಂದು ಲೆಕ್ಕ: ಶಿರಹಟ್ಟಿಯಲ್ಲಿ ಡಿಸೆಂಬರಿನ ಒಂದು ಮಧ್ಯಾಹ್ನ, ಗಾಳಿ 28 ಡಿಗ್ರಿ, ಬಿಸಿಲು 800 ವಾಟ್, ಉಳಿದುದೆಲ್ಲ ಮೊದಲಿನಂತೆಯೇ. ಹೀರಿಕೆಯನ್ನು 720 ವಾಟೆಂದೂ, 25 ಡಿಗ್ರಿಯಲ್ಲಿ ಸಿಗುವ ವಿದ್ಯುತ್ತನ್ನು 160 ವಾಟೆಂದೂ ಹಿಡಿದು ಹೊರಡಿರಿ. ಮೂರು ಸುತ್ತುಗಳಲ್ಲಿ 51 ಡಿಗ್ರಿ, 143 ವಾಟ್ ಎಂಬ ಉತ್ತರವು ಬರಬೇಕು.